ವಲ್ಲಿಯ ಕೆಳಗಿನ ಲೆಕ್ಕ

"ಇವತ್ತು ಯಾವ ವಾರ, ಹೇಳಿ ನೋಡೋಣ," ಎಂದು ತೆರಿಗೆ ಆಫೀಸರು ಎರಡನೆಯ ಸಲ ಕೇಳಿದರು.

ದೊಡ್ಡರಂಗಪ್ಪ ಮೇಜಿನಾಚೆಯ ಜರಿ ಪೇಟವನ್ನೂ ಅದರ ಕೆಳಗಿನ ಕನ್ನಡಕವನ್ನೂ ನಿಧಾನವಾಗಿ ನೋಡಿದ. "ಇವತ್ತು ಸಂತೆ ಯಾವೂರಲ್ಲಿ ಅಂತ ಹೇಳಿ ಸ್ವಾಮಿ, ವಾರ ನಾನು ಹೇಳ್ತೀನಿ."

ಗುಮಾಸ್ತ ಜಯರಾಮಯ್ಯ ನಗು ನುಂಗಲು ಕೆಮ್ಮಿದ. ಮಧುಗಿರಿಯ ಪ್ರವಾಸಿ ಬಂಗಲೆಯ ಆ ಕೋಣೆಯಲ್ಲಿ ಮುದುಕನ ಮಗ ತಿಮ್ಮರಾಯಪ್ಪನಿಗೆ ಮಾತ್ರ ನಗು ಬರಲಿಲ್ಲ. ಅವನ ಕೈಯಲ್ಲೊಂದು ಅರ್ಜಿಯಿತ್ತು. ಐ.ಡಿ.ಹಳ್ಳಿಯ ಎತ್ತಿನ ವ್ಯಾಪಾರಿ ದೊಡ್ಡರಂಗಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಹೋದ ವರ್ಷದ ವ್ಯಾಪಾರದ ಲೆಕ್ಕ ಕೊಡಲಾರ, ಆದಕಾರಣ ವರಮಾನ ತೆರಿಗೆಯ ನೋಟೀಸು ವಜಾ ಮಾಡಬೇಕು ಎಂದು ಬರೆಸಿ ತಂದಿದ್ದ. ಆಫೀಸರಿಗೂ ಅದೇ ಸುಲಭವಾಗಿ ಕಂಡಿತು.

"ಆಗಲಿ. ಇವರ ಹೆಬ್ಬೆಟ್ಟು ಒತ್ತಿಸಿ. ಒಂದು ಪ್ರತಿ ನಿಮ್ಮೂರ ಚಾವಡಿಗೆ ಅಂಟಿಸ್ತಾರೆ, ಇನ್ನೊಂದು ಸಂತೆ ಬಾಗಿಲಿಗೆ. ಇನ್ನು ಇವರ ಜೊತೆ ಯಾರೂ ವ್ಯವಹಾರ ಮಾಡಬಾರದಲ್ಲ."

"ನಿಲ್ಲಿಸಿ ಪ್ರಭುಗಳೇ!"

ಬಾಗಿಲ ಬಳಿ ಕುಳಿತಿದ್ದ ಮಗಳು ಕೆಂಚಮ್ಮ ಎದ್ದು ನಿಂತಿದ್ದಳು. ಒಂದು ಕೈ ಎದೆಯ ಮೇಲೆ, ಇನ್ನೊಂದು ಮೇಲಕ್ಕೆ. "ಈ ಅಬಲೆಯ ತಂದೆಗೆ ಹುಚ್ಚನೆಂಬ ಮೊಹರು ಒತ್ತುವ ಮುನ್ನ ನನ್ನ ಮೊರೆಯನ್ನು ಆಲಿಸಿ!"

ಆಫೀಸರ ಪೆನ್ನು ನಿಂತಿತು. "ಯಾರಯ್ಯ ಇವಳು?"

"ನನ್ ತಂಗಿ ಸ್ವಾಮಿ. ಟೆಂಟು ಟಾಕೀಸು ಬಂದಾಗ್ಲಿಂದ ಇಂಗೇ ಮಾತಾಡ್ತಾಳೆ. ಲೇ ಕೆಂಚಿ, ಕುಂತ್ಕಳೇ ಸುಮ್ಕೆ."

"ಟಾಕೀಸಲ್ಲಿ ಕುಂತು ಕುಂತು ಸಾಕಾಗೈತೆ ಅಣ್ಣಯ್ಯ, ಇಲ್ಲಿ ನಿಂತ್ಕಂತೀನಿ." ಕೆಂಚಮ್ಮ ಮೇಜಿನ ಹತ್ತಿರ ಬಂದಳು. "ಲೆಕ್ಕ ಕೊಟ್ರೆ ನಮ್ಮಪ್ಪ ಹುಚ್ಚ ಅಲ್ಲ ತಾನೇ ಸ್ವಾಮಿ?"

"ಕೊಟ್ಟರೆ ತೆರಿಗೆ ಬೀಳುತ್ತೆ ಕಣಮ್ಮ. ಲೆಕ್ಕದ ಪುಸ್ತಕ ಎಲ್ಲಿದೆ?"

"ಪುಸ್ತಕ ಬರೆದೋನಲ್ಲ ಅವನು. ಅವನ ಲೆಕ್ಕ ಕೈಯಾಗೈತೆ."

ಜಯರಾಮಯ್ಯನ ಮುಂದೆ ಸಂತೆ ಸುಂಕದ ಚೀಟಿಗಳಿದ್ದವು. ದೊಡ್ಡರಂಗಪ್ಪ ಮಾರಿದ ಏಳು ಎತ್ತಿನ ಜೋಡಿಗಳು, ಕೊಂಡವರ ಹೆಸರು, ಬೆಲೆ. "ಬೆಲೆ ಹೇಳ್ಬ್ಯಾಡಿ. ಹೆಸರು ಹೇಳಿ ಸಾಕು," ಎನ್ನುತ್ತ ಕೆಂಚಮ್ಮ ಅಪ್ಪನ ಹೆಗಲಿನಿಂದ ವಲ್ಲಿ ಬಟ್ಟೆಯನ್ನೆಳೆದು ಅವನ ಬಲಗೈ ಮೇಲೆ ಹೊದಿಸಿದಳು. ತನ್ನ ಕೈಯನ್ನು ಅದರೊಳಗೆ ತೂರಿಸಿದಳು.

ಎತ್ತಿನ ಸಂತೆಯಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಮೊದಲು ಹಿಡಿದ ಬೆರಳುಗಳು ನೂರು, ಆಮೇಲಿನವು ಹತ್ತು; ಸಣ್ಣ ಬೆಲೆಗಾದರೆ ಹತ್ತು, ಆಮೇಲೆ ಬಿಡಿ. ಗಂಡಸರ ಈ ವಿದ್ಯೆಯನ್ನು ದೊಡ್ಡರಂಗಪ್ಪ ಮಗಳಿಗೆ ಅವಳು ಮೊಣಕಾಲುದ್ದ ಇದ್ದಾಗಲೇ ಆಟದಂತೆ ಕಲಿಸಿದ್ದ.

"ಮಿಡಿಗೇಶಿ ಅಡವಯ್ಯ," ಎಂದ ಜಯರಾಮಯ್ಯ.

ಮುದುಕನ ಕಣ್ಣು ಕಿಟಕಿಯಾಚೆ ಎಲ್ಲೋ ಇತ್ತು. ವಲ್ಲಿಯ ಕೆಳಗೆ ಮಾತ್ರ ಒರಟು ಬೆರಳುಗಳು ಮಗಳ ಒಂದು ಬೆರಳನ್ನು ಹಿಡಿದವು, ಬಿಟ್ಟವು. ಐದನ್ನೂ ಸೇರಿಸಿ ಅದುಮಿದವು, ಮತ್ತೆ ಎರಡನ್ನು.

"ನೂರಾ ಎಪ್ಪತ್ತು," ಎಂದಳು ಕೆಂಚಮ್ಮ.

ಜಯರಾಮಯ್ಯ ಚೀಟಿ ನೋಡಿದ. ಆಫೀಸರನ್ನು ನೋಡಿದ. "ಸರಿ ಇದೆ ಸಾರ್."

ಮದಲೂರಿನ ಜೋಡಿ ಸರಿಯಾಯಿತು. ಶಿರಾದ ಸಾಹೇಬರ ಜೋಡಿಯೂ ಸರಿಯಾಯಿತು. ಆಫೀಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಐದನೆಯದಕ್ಕೆ ಮುದುಕ ತಾನೇ ಬಾಯಿ ಬಿಟ್ಟ: "ಅದರ ಎಡಗಡೆ ಎತ್ತು ಒದೀತಿತ್ತು. ಮೊದ್ಲೇ ಹೇಳಿ ಕೊಟ್ಟಿದೀನಿ."

"ಕೊನೇದು, ಬಲಸಮುದ್ರದ ಚಿಕ್ಕಹನುಮಯ್ಯ."

ವಲ್ಲಿಯ ಕೆಳಗೆ ಕೈ ಅಲುಗಲಿಲ್ಲ. ಕೆಂಚಮ್ಮ ಕಾದಳು. ಅಂಗೈ ಬಿಚ್ಚಿಕೊಂಡು, ಬೆಚ್ಚಗೆ, ಏನೂ ಹೇಳದೆ ಬಿದ್ದಿತ್ತು. ಜಯರಾಮಯ್ಯನ ಹಿಂದೆ ನಿಂತಿದ್ದ ತಿಮ್ಮರಾಯಪ್ಪ ತಾನು ತಂದ ಅರ್ಜಿಯನ್ನೇ ಮರೆತು, ಚೀಟಿಯನ್ನು ಕದ್ದು ಓದಿ ತಂಗಿಗೆ ತುಟಿಯಲ್ಲೇ 'ನೂರಾ ಹತ್ತು' ಎಂದ. ಅವಳು ಅವನ ಮುಖದಿಂದ ಕಣ್ಣು ತೆಗೆದಳು.

"ಇದು ಇಲ್ಲ ಸ್ವಾಮಿ."

"ಇಲ್ಲ ಅಂದರೆ?"

"ನೆಪ್ಪಿಲ್ಲ. ಏಳರಾಗೆ ಆರು ಹೇಳವ್ನೆ. ಹೋದ ವರ್ಸ ನೀವು ನೋಟೀಸು ಕೊಟ್ಟೋರಲ್ಲಿ ಏಳು ಜನದ ಹೆಸರು ಹೇಳಿ ಸ್ವಾಮಿ, ಕೇಳಾನ."

ಆಫೀಸರು ಅರ್ಜಿಯನ್ನು ಮಡಿಸಿ ತಿಮ್ಮರಾಯಪ್ಪನ ಕಡೆ ತಳ್ಳಿ, ಕಾಗದದ ಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ತೆರಿಗೆ ಹದಿನೆಂಟು ರೂಪಾಯಿ. ಖಜಾನೆಗೆ ಕಟ್ಟಿ."

ಬೆಲೆ ಕಿವಿಗೆ ಬಿದ್ದದ್ದೇ ತಡ, ದೊಡ್ಡರಂಗಪ್ಪ ಆಫೀಸರ ಕೈಯನ್ನೆಳೆದು ವಲ್ಲಿಯೊಳಗೆ ಹಾಕಿಕೊಂಡು ಬೆರಳು ಅದುಮತೊಡಗಿದ.

"ಏನಿದು? ಏನು ಮಾಡ್ತಿದಾನೆ?"

ಕೆಂಚಮ್ಮ ಬಗ್ಗಿ ಬಟ್ಟೆಯ ಅಂಚೆತ್ತಿ ನೋಡಿದಳು. "ಹನ್ನೆರಡಕ್ಕೆ ಕೇಳ್ತಾವ್ನೆ ಸ್ವಾಮಿ."

"ಇದು ಸರ್ಕಾರದ ತೆರಿಗೆ!"

"ಅದ್ಕೇ ಹನ್ನೆರಡು. ಬ್ಯಾರೆಯೋರಾಗಿದ್ರೆ ಎಂಟಕ್ಕೆ ಶುರು ಮಾಡ್ತಿದ್ದ."

ಈ ಸಲ ಜಯರಾಮಯ್ಯ ಕೆಮ್ಮಲಿಲ್ಲ, ಜೋರಾಗಿಯೇ ನಕ್ಕುಬಿಟ್ಟ. ಆಫೀಸರು ಕೈ ಬಿಡಿಸಿಕೊಂಡು, ಬೆರಳುಗಳನ್ನು ನೀವಿಕೊಳ್ಳುತ್ತ, ಸಹಿಗೆ ಜಾಗ ತೋರಿಸಿದರು. ಮುದುಕ ಹೆಬ್ಬೆಟ್ಟಿನ ಮಸಿಯನ್ನು ಪಕ್ಕಕ್ಕೆ ಸರಿಸಿದ. ಪೆನ್ನು ಹಿಡಿದು ತನ್ನ ಹೆಸರನ್ನು ದಪ್ಪ ದಪ್ಪ ಅಕ್ಷರದಲ್ಲಿ ಬರೆದ.

ಖಜಾನೆಯಿಂದ ಹೊರಬರುವಾಗ ತಿಮ್ಮರಾಯಪ್ಪ ಖಾಲಿ ಜೇಬು ತಡವಿಕೊಂಡ. "ಒಂದು ಹೆಬ್ಬೆಟ್ಟು ಒತ್ತಿದ್ರೆ ಒಂದು ಕಾಸೂ ಹೋಗ್ತಿರಲಿಲ್ಲ ಕಣೇ."

"ಹೋಗ್ಲಿ ಬುಡು ಅಣ್ಣಯ್ಯ. ಹುಚ್ಚನ ಮಗ ಅನ್ನಿಸ್ಕಳ್ಳೋದ್ಕಿಂತ ಅಗ್ಗವಾಗೇ ಐತೆ."

ಊರಿನ ಬಸ್ಸು ನಿಲ್ಲುವುದು ಎಡಕ್ಕೆ. ಮುಂದೆ ನಡೆಯುತ್ತಿದ್ದ ದೊಡ್ಡರಂಗಪ್ಪ ಒಂದು ಕ್ಷಣವೂ ನಿಲ್ಲದೆ ಬಲಕ್ಕೆ, ಕೊರಟಗೆರೆಯ ದಾರಿಗೆ ತಿರುಗಿದ.

"ಅಪ್ಪಾ, ಅಲ್ಲಲ್ಲ..."

ಕೆಂಚಮ್ಮ ಅಣ್ಣನ ತೋಳು ಹಿಡಿದು ನಿಲ್ಲಿಸಿದಳು. "ಬಸ್ಸು ಹೊರಡಾಕೆ ಇನ್ನೂ ಹೊತ್ತೈತೆ."

ಮುದುಕ ಎದೆಯೆತ್ತಿ, ರಸ್ತೆಯ ನಟ್ಟನಡುವೆ, ಎದುರು ಬರುವ ಗಾಡಿಗಳನ್ನೇ ಪಕ್ಕಕ್ಕೆ ಸರಿಸುತ್ತ ನಡೆದಿದ್ದ. ಕೆಂಚಮ್ಮ ಸೆರಗು ಸಿಕ್ಕಿಸಿಕೊಂಡು ಒಂದು ಹೆಜ್ಜೆ ಹಿಂದೆ ಅದೇ ದಾರಿ ಹಿಡಿದಳು.