ಒಂದೇ ಮನೆಯಿಂದ ಎರಡು ಅರ್ಜಿ

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ರಂಗಯ್ಯ ಎಂಬುವನಿಗೆ ಇಬ್ಬರು ಹೆಂಡಿರಿದ್ದರು. ಹಿರಿಯವಳು ಓಬಳಮ್ಮ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ರಂಗಯ್ಯ ಈಶ್ವರಮ್ಮನನ್ನು ತಂದುಕೊಂಡ. ಅವಳಿಗೂ ಆಗಲಿಲ್ಲ. ಆಮೇಲೆ ಓಣಿಯವರು ದೋಷ ರಂಗಯ್ಯನದೇ ಇರಬೇಕು ಎಂದರು. ಅಷ್ಟೊತ್ತಿಗೆ ಎರಡನೆಯ ಮದುವೆಯ ಊಟವನ್ನು ಅವರೆಲ್ಲ ಉಂಡು ಮೂರು ವರ್ಷವಾಗಿತ್ತು.

ಹೆಂಗಸರಿಬ್ಬರೂ ಮೊದಲು ಚೆನ್ನಾಗಿಯೇ ಇದ್ದರು. ಅಲ್ಲಿಯ ರೇಷ್ಮೆ ಸೀರೆಗೆ ಒಡಲಿನ ಬಣ್ಣ ಒಂದಾದರೆ ಅಂಚಿನ ಬಣ್ಣ ಇನ್ನೊಂದು. ಹಾಗಾಗಿ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವರು ಒಬ್ಬರು, ಪಕ್ಕದಲ್ಲಿ ಕೂತು ಅಂಚಿನ ಲಾಳಿ ಎಸೆಯುವವರು ಒಬ್ಬರು ಬೇಕು. ರಂಗಯ್ಯ ನೇಯುತ್ತಿದ್ದ. ಅಂಚಿಗೆ ಈ ಹೊತ್ತು ಒಬ್ಬಳು, ಆ ಹೊತ್ತು ಇನ್ನೊಬ್ಬಳು ಕೂರುತ್ತಿದ್ದರು.

೧೯೦೨ರ ಪ್ಲೇಗಿನಲ್ಲಿ ರಂಗಯ್ಯನ ಕಂಕುಳಲ್ಲಿ ಗಡ್ಡೆ ಎದ್ದಿತು. ರೋಗಿಗಳನ್ನು ಊರಾಚೆ ಹುಲ್ಲಿನ ಶೆಡ್ಡುಗಳಿಗೆ ಸಾಗಿಸುತ್ತಿದ್ದರು. ಓಬಳಮ್ಮ ಅವನ ಜೊತೆ ಹೋದಳು. ಈಶ್ವರಮ್ಮ ಹೋಗಲಿಲ್ಲ. ಆರನೆಯ ದಿನ ರಂಗಯ್ಯ ಸತ್ತ. ಓಬಳಮ್ಮ ಮನೆಗೆ ಬಂದಾಗ, ಬಿಟ್ಟುಹೋಗಿದ್ದ ಹಸಿರು ಸೀರೆ ಮಗ್ಗದ ಮೇಲೆ ಮೊದಲಿಗಿಂತ ಮುಂದಕ್ಕೆ ಬಂದಿತ್ತು. ಅದನ್ನು ನೋಡಿದಳು. ಅಂದಿನಿಂದ ಈಶ್ವರಮ್ಮನ ಜೊತೆ ಮಾತು ಬಿಟ್ಟಳು. ಅವಳು ಮಾತಾಡಿಸದ ಮೇಲೆ ಈಶ್ವರಮ್ಮನೂ ಮಾತಾಡಲಿಲ್ಲ.

ಹೀಗೆ ಆರು ವರ್ಷ ನಡೆಯಿತು. ಓಬಳಮ್ಮ ಕುಣಿಗೆ ಇಳಿದಳು, ಈಶ್ವರಮ್ಮ ಅಂಚಿಗೆ ಕೂತಳು. ಹೆಂಗಸರು ಮಗ್ಗಕ್ಕೆ ಕೂರುವುದನ್ನು ಕುಲದ ಹಿರಿಯರು ಒಪ್ಪಲಿಲ್ಲ, ಆದರೆ ನೇಯಲು ತಾವು ಬಂದು ಕೂರುತ್ತೇವೆಂದೂ ಯಾರೂ ಹೇಳಲಿಲ್ಲ. ಮನೆಯಲ್ಲಿ ಉಪ್ಪು ಮುಗಿದರೆ ಅಡಿಗೆ ಮಾಡುತ್ತಿದ್ದವಳು ಉಪ್ಪಿನ ಕುಡಿಕೆಯನ್ನು ಹೊಸ್ತಿಲಲ್ಲಿ ಬೋರಲಿಡುತ್ತಿದ್ದಳು. ಇನ್ನೊಬ್ಬಳು ನೋಡಿ ತರುತ್ತಿದ್ದಳು. ಸೀರೆ ಕೊಳ್ಳುವ ಸಾಹುಕಾರ, ಇಷ್ಟು ಸಮನಾದ ಅಂಚು ಊರಲ್ಲಿ ಇನ್ನೆಲ್ಲಿಯೂ ಬರುವುದಿಲ್ಲ ಎನ್ನುತ್ತಿದ್ದ.

೧೯೦೮ರಲ್ಲಿ ಓಣಿಯಲ್ಲಿ ಮತ್ತೆ ಇಲಿ ಸತ್ತು ಬಿದ್ದವು. ಗಾಳಿ ಬೆಳಕಿಲ್ಲದ ಮನೆಗಳನ್ನು ಕೆಡವಿ, ಅಲ್ಲಿದ್ದವರಿಗೆ ಊರ ಮೂಡಲಿಗೆ ಗುಡ್ಡದ ಬುಡದಲ್ಲಿ ಜಾಗ ಕೊಡಬೇಕೆಂದು ಒಂದು ಬಡಾವಣೆ ಕಮಿಟಿ ಏರ್ಪಟ್ಟಿತು. ಕಲ್ಲುಭೂಮಿಯಲ್ಲಿ ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದು ನಲವತ್ತು ನಿವೇಶನ ಮಾಡಿದರು. ಬಡವರಿಗೆ ಕಡಿಮೆ ದರ, ಅದೂ ಕಂತಿನಲ್ಲಿ. ರಂಗಯ್ಯನ ಮನೆಯ ಬಾಗಿಲಿಗೂ ಸುಣ್ಣದ ಗುರುತು ಬಿತ್ತು. ಯುಗಾದಿಯೊಳಗೆ ಖಾಲಿ ಮಾಡಬೇಕಿತ್ತು.

ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಬೋರಣ್ಣ ಅರ್ಜಿ ಬರೆದುಕೊಡುತ್ತಿದ್ದ. ಒಂದು ಸೋಮವಾರ ಬೆಳಿಗ್ಗೆ ಓಬಳಮ್ಮ ಬಂದು, ತಾನು ಒಂಟಿ ಹೆಂಗಸು, ತನಗೊಂದು ಜಾಗ ಬೇಕು ಎಂದು ಬರೆಸಿದಳು. ಮಧ್ಯಾಹ್ನ ಈಶ್ವರಮ್ಮ ಬಂದು, ತಾನು ಒಂಟಿ ಹೆಂಗಸು, ತನಗೊಂದು ಜಾಗ ಬೇಕು ಎಂದು ಬರೆಸಿದಳು. ಬೆಳಿಗ್ಗೆ ಬಂದದ್ದನ್ನು ಮಧ್ಯಾಹ್ನದವಳಿಗೆ ಬೋರಣ್ಣ ಹೇಳಲಿಲ್ಲ. ಒಬ್ಬರ ಅರ್ಜಿಯ ವಿಷಯ ಇನ್ನೊಬ್ಬರಿಗೆ ಹೇಳುವುದು ಅವನ ಕಸುಬಿಗೆ ಸಲ್ಲದು. ಎರಡು ಅರ್ಜಿಗಳಿಗೂ ಒಂದೇ ಒಕ್ಕಣೆ ಹಾಕಿದ.

ಕಮಿಟಿಯ ಗುಮಾಸ್ತ ಮಲ್ಲಿಕಾರ್ಜುನಪ್ಪ ಚಿತ್ರದುರ್ಗದ ಕಡೆಯವನು. ಯಾವ ನಿಯಮವನ್ನಾದರೂ ಎರಡು ಸಲ ಓದದೆ ಬಾಯಿ ಬಿಡುವವನಲ್ಲ. ಒಂದೇ ಬಾಗಿಲಿನ ಸಂಖ್ಯೆ, ಒಬ್ಬನೇ ಗಂಡನ ಹೆಸರು, ಎರಡು ಅರ್ಜಿ. ಮೊದಲು ಒಬ್ಬಳೇ ಎರಡು ಸಲ ಕೇಳಿದ್ದಾಳೆ ಅಂದುಕೊಂಡ. ಓಣಿಗೆ ಹೋಗಿ ನೋಡಿದರೆ ನಿಜವಾಗಿಯೂ ಇಬ್ಬರಿದ್ದರು, ಒಂದೇ ಮಗ್ಗದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ನೇಯುತ್ತಿದ್ದರು. ಅವನು ನಿಂತಲ್ಲೇ ನಿಯಮ ವಿವರಿಸಿದ. ಒಂದು ಮನೆಗೆ ಒಂದೇ ನಿವೇಶನ. ಕುಟುಂಬವೆಂದರೆ ಕನಿಷ್ಠ ಇಬ್ಬರಿರಬೇಕು, ಒಂಟಿ ಜನಕ್ಕೆ ಕೊಡುವಂತಿಲ್ಲ. ಆದ್ದರಿಂದ ಎರಡೂ ಅರ್ಜಿ ವಜಾ. ಇಬ್ಬರೂ ಕೂಡಿ ಒಂದು ಅರ್ಜಿ ಕೊಟ್ಟರೆ ನಾಳೆಯೇ ಮಂಜೂರು ಮಾಡಿಸುತ್ತೇನೆ ಎಂದ.

ಓಬಳಮ್ಮ ಲಾಳಿ ಎಸೆದಳು. ಈಶ್ವರಮ್ಮನೂ ಎಸೆದಳು. ಮರುದಿನ ಬೋರಣ್ಣನ ಮುಂದೆ ಬೆಳಿಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬಳು ಬಂದು, ಮೇಲಿನವರಿಗೆ ಅಪೀಲು ಬರೆಸಿದರು.

ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಆಗ ಚಳ್ಳಕೆರೆಯಲ್ಲಿ ಮೊಕ್ಕಾಂ ಮಾಡಿದ್ದರು. ಅಪೀಲುದಾರರು ಶನಿವಾರ ಖುದ್ದು ಹಾಜರಾಗಬೇಕೆಂದು ನೋಟೀಸು ಬಂತು. ಆ ವಾರ ಚಳ್ಳಕೆರೆಗೆ ಹೊರಟಿದ್ದದ್ದು ಕ್ಯಾತಣ್ಣನ ಗಾಡಿ ಒಂದೇ. ಹೀಗಾಗಿ ಇಬ್ಬರೂ ಅದೇ ಗಾಡಿ ಹತ್ತಬೇಕಾಯಿತು. ಕಡತ ಹಿಡಿದುಕೊಂಡು ಮಲ್ಲಿಕಾರ್ಜುನಪ್ಪನೂ ಹತ್ತಿದ. ಓಬಳಮ್ಮ ಎತ್ತುಗಳ ಕಡೆ ಮುಖ ಮಾಡಿ ಕೂತಳು. ಈಶ್ವರಮ್ಮ ಹಿಂದಿನ ದಾರಿ ನೋಡುತ್ತ ಕೂತಳು. ನಡುವೆ ಗುಮಾಸ್ತ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ದಿನ ಯಾರ ಕಡೆಗೂ ತಿರುಗದೆ ಕೂತಿದ್ದ. ತಳಕಿನ ಛತ್ರದಲ್ಲಿ ತಂಗಿದಾಗ ಓಬಳಮ್ಮ ತಂದಿದ್ದ ರೊಟ್ಟಿಯಲ್ಲಿ ಅರ್ಧವನ್ನು ಅವನ ಮುಂದೆ ಇಟ್ಟಳು. ಈಶ್ವರಮ್ಮ ತಂದಿದ್ದ ಚಟ್ನಿಪುಡಿಯನ್ನು ಅವನ ಮುಂದೆ ಇಟ್ಟಳು. ಅವನು ಮೂರು ಪಾಲು ಮಾಡಿದ. ಅದು ಯಾವ ನಿಯಮದಲ್ಲೂ ಇರಲಿಲ್ಲ.

ಸಾಹೇಬರು ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದರು. ಅವರಿಗೆ ನೆಗಡಿಯಾಗಿತ್ತು. ಕಡತ ಓದಿಸಿಕೊಂಡು ಮೊದಲು ಓಬಳಮ್ಮನನ್ನು ಕರೆದರು. ಬೇರೆ ಮನೆ ಯಾಕೆ ಬೇಕು ಎಂದು ಕೇಳಿದರು.

"ಆಕಿ ಜತೆ ಇರಾಕೆ ಆಗಲ್ಲ ಸ್ವಾಮಿ," ಎಂದಳು ಓಬಳಮ್ಮ.

"ಹೊಡೀತಾಳಾ?"

"ಇಲ್ಲ."

"ಬೈತಾಳಾ?"

"ಮಾತೇ ಆಡಲ್ಲ."

"ಮತ್ತೆ ಕಷ್ಟ ಏನು?"

"ಅದೇ ಸ್ವಾಮಿ."

ಸಾಹೇಬರು ಮೂಗು ಒರೆಸಿಕೊಂಡು, ಗಂಡ ಸತ್ತಾಗ ಯಾರ ಬಳಿ ಇದ್ದ ಎಂದು ಕೇಳಿದರು. ಕುಟುಂಬ ಒಂದೋ ಎರಡೋ ಎಂದು ತೀರ್ಮಾನಿಸಲು ಅದು ಬೇಕಿತ್ತು. ಓಬಳಮ್ಮ ತನ್ನ ಬಳಿಯೇ ಎಂದಳು. ಶೆಡ್ಡಿನಲ್ಲಿ ಆರು ದಿನ ತಾನೊಬ್ಬಳೇ ನೋಡಿಕೊಂಡೆ, ಇವಳು ಮನೆಯಲ್ಲಿ ಸೀರೆ ನೇಯುತ್ತಿದ್ದಳು, ಬಾಯಿಗೆ ನೀರು ಬಿಡಲೂ ಬರಲಿಲ್ಲ ಎಂದಳು. ಮಲ್ಲಿಕಾರ್ಜುನಪ್ಪ ಅದನ್ನೆಲ್ಲ ಬರೆದುಕೊಂಡ.

ಆಮೇಲೆ ಈಶ್ವರಮ್ಮನನ್ನು ಕರೆದರು. ಯಾಕೆ ಹೋಗಲಿಲ್ಲ ಎಂದು ಸಾಹೇಬರು ಕೇಳಿದರು. ಅವಳು ಸೆರಗಿನ ಚುಂಗು ನೋಡುತ್ತ ನಿಂತಳು. ಎರಡನೆಯ ಸಲ ಕೇಳಿದಾಗ ಬಾಯಿ ಬಿಟ್ಟಳು.

"ನುವ್ವು ರಾವದ್ದು ಅಂದ್ರು."

ಅವರ ಮನೆಮಾತು ತೆಲುಗು, ಸಾಹೇಬರಿಗೆ ಅದು ಬರುತ್ತಿರಲಿಲ್ಲ. ನೀನು ಬರಬೇಡ ಎಂದು ಗಂಡ ಹೇಳಿದರಂತೆ ಎಂದು ಮಲ್ಲಿಕಾರ್ಜುನಪ್ಪ ತಿಳಿಸಿದ.

"ಎತ್ತಿಕೊಂಡು ಹೋಗಾಕೆ ಜನ ಬಂದಾಗ ನನ್ನ ಒಳಗೆ ಕರೆದ್ರು," ಎಂದಳು ಈಶ್ವರಮ್ಮ. "ಇಬ್ರೂ ಬಂದ್ರೆ ಇಬ್ರೂ ಹೋಗ್ತೀರ. ದೊಡ್ಡಾಕಿಗೆ ಹೇಳಿದ್ರೆ ಕೇಳಲ್ಲ, ಬಂದೇ ಬರ್ತಾಳೆ. ನೀನಾದ್ರೂ ನನ್ ಮಾತು ಕೇಳು, ಮಗ್ಗ ಬಿಟ್ಟು ಏಳಬ್ಯಾಡ ಅಂದ್ರು. ಕೇಳ್ದೆ."

"ಇದನ್ನ ಇವರಿಗೆ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಸ್ವಾಮಿ. ತಾವೇ ಮೊದ್ಲು ಕೇಳಿದ್ದು."

ಮಲ್ಲಿಕಾರ್ಜುನಪ್ಪನ ಲೇಖನಿಯಲ್ಲಿ ಮಸಿ ಮುಗಿದಿತ್ತು, ಅವನು ಅದ್ದಲಿಲ್ಲ. ಓಬಳಮ್ಮ ಅಂಗಳದಲ್ಲಿ ಕಟ್ಟಿದ್ದ ಸಾಹೇಬರ ಕುದುರೆಯನ್ನು ನೋಡುತ್ತಿದ್ದಳು.

ಸಾಹೇಬರು ಹುಕುಂ ಬರೆಸಿದರು. ಅಪೀಲುದಾರರು ಇಬ್ಬರು, ಕುಟುಂಬ ಒಂದು. ಒಂದೇ ಒಲೆ, ಒಂದೇ ಮಗ್ಗ. ಗುಮಾಸ್ತರ ತೀರ್ಮಾನ ಸರಿಯಾಗಿದೆ. ಎರಡೂ ಅಪೀಲು ವಜಾ. ಹದಿನೈದು ದಿನದೊಳಗೆ ಜಂಟಿ ಅರ್ಜಿ ಕೊಟ್ಟಲ್ಲಿ ಪರಿಶೀಲಿಸತಕ್ಕದ್ದು. ಇದನ್ನು ಓದಿ ಹೇಳಿದಾಗ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಮಸಿ ಒರೆಸಿಕೊಳ್ಳಲು ಜವಾನ ಒಂದೇ ಚಿಂದಿ ಕೊಟ್ಟ.

ಹಿಂದಿರುಗುವಾಗಲೂ ಗಾಡಿಯಲ್ಲಿ ಹಾಗೆಯೇ ಕೂತರು. ಚಳ್ಳಕೆರೆ ಕಣ್ಮರೆಯಾಯಿತು. ಬಿಸಿಲೇರಿತು. ತಳಕು ಇನ್ನೂ ಒಂದು ಹರದಾರಿ ಇದೆ ಎನ್ನುವಾಗ ಓಬಳಮ್ಮ, ಎತ್ತುಗಳ ಮೇಲಿನ ಕಣ್ಣು ತೆಗೆಯದೆ, ತೆಲುಗಿನಲ್ಲಿ ಒಂದು ಮಾತು ಕೇಳಿದಳು. ಆ ಆರು ದಿನ ಅಂಚಿಗೆ ಯಾರು ಕೂತಿದ್ದರು ಎಂದು.

ಗುಮಾಸ್ತ ತನ್ನನ್ನೇ ಕೇಳಿದಳೆಂದು ತಿಳಿದು, ಯಾವ ಆರು ದಿನ ಎಂದ.

ಯಾರೂ ಕೂತಿರಲಿಲ್ಲ, ತಾನೇ ಎಸೆದೆ ಎಂದು ಈಶ್ವರಮ್ಮ ಹಿಂದಿನ ದಾರಿಗೆ ಹೇಳಿದಳು. ಪ್ಲೇಗಿನ ಮನೆಗೆ ಯಾರು ಬರುತ್ತಾರೆ? ಕುಣಿಯಲ್ಲಿ ಕೂತು ಒಂದು ಎಳೆ ಹೊಡೆಯುವುದು, ಮೇಲೆ ಹತ್ತಿ ಪಕ್ಕಕ್ಕೆ ಬಂದು ಅಂಚಿನ ಲಾಳಿ ಎಸೆಯುವುದು, ಮತ್ತೆ ಕುಣಿಗೆ ಇಳಿಯುವುದು. ಮಗ್ಗ ಬಿಟ್ಟು ಏಳಬೇಡ ಎಂದು ಗಂಡ ಹೇಳಿದ್ದ. ಸುಮ್ಮನೆ ಕೂತರೆ ಕಾಲು ತಾವಾಗಿಯೇ ಶೆಡ್ಡಿನ ಕಡೆ ನಡೆಯುತ್ತಿದ್ದವು.

"ಆರು ದಿನಕ್ಕೆ ಎಷ್ಟಾಯ್ತು?" ಎಂದಳು ಓಬಳಮ್ಮ.

"ಒಂದು ಗೇಣು."

ಓಬಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಧೂಳು ಬಹಳ ಇತ್ತು. ಮಲ್ಲಿಕಾರ್ಜುನಪ್ಪ ಅದುವರೆಗೆ ನಡುವೆ ಕೂತಿದ್ದವನು, ಕಾಲು ಜೋಮು ಹಿಡಿದಿದೆ ಎಂದು ಹೇಳಿ ಕ್ಯಾತಣ್ಣನ ಪಕ್ಕಕ್ಕೆ ಹೋಗಿ ಕೂತ. ತಳಕಿನ ಛತ್ರದಲ್ಲಿ ಇಳಿಯುವಾಗ ಅವನು ತಿರುಗಿ ನೋಡಿದರೆ, ಇಬ್ಬರೂ ಗಾಡಿಯ ಒಂದೇ ಮಗ್ಗುಲಲ್ಲಿದ್ದರು. ಈಶ್ವರಮ್ಮ ನಿದ್ದೆ ಮಾಡುತ್ತಿದ್ದಳು. ಅವಳ ತಲೆ ಹಲಗೆಗೆ ಬಡಿಯದಂತೆ ಓಬಳಮ್ಮ ಅಂಗೈ ಒಡ್ಡಿ ಹಿಡಿದಿದ್ದಳು.

ಜಂಟಿ ಅರ್ಜಿ ಬರೆಯುವಾಗ ಒಂದು ತೊಡಕು ಬಂತು. ಕುಟುಂಬದ ಯಜಮಾನರ ಹೆಸರು ಎಂಬ ಕಲಮಿನಲ್ಲಿ ಒಂದೇ ಹೆಸರಿಗೆ ಜಾಗವಿತ್ತು. ಓಬಳಮ್ಮ ತಾನು ಹಿರಿಯವಳು, ತನ್ನ ಹೆಸರು ಬರೆ ಎಂದಳು. ಈಶ್ವರಮ್ಮ ತಕರಾರು ಮಾಡಲಿಲ್ಲ. ಆದರೆ ಹುಣಸೆಮರದ ಕಟ್ಟೆಯಿಂದ ಏಳಲೂ ಇಲ್ಲ. ಬೋರಣ್ಣ ಅಕ್ಷರ ಸಣ್ಣಗೆ ಮಾಡಿ ಎರಡೂ ಹೆಸರು ತೂರಿಸಿದ. ಅದು ನಿಯಮಕ್ಕೆ ವಿರುದ್ಧವೇ ಎಂದು ಮಲ್ಲಿಕಾರ್ಜುನಪ್ಪ ನಿಯಮಗಳನ್ನು ಎರಡು ಸಲ ಓದಿದ. ಸಣ್ಣ ಅಕ್ಷರದ ವಿಷಯ ಎಲ್ಲಿಯೂ ಇರಲಿಲ್ಲವಾದ್ದರಿಂದ ಸ್ವೀಕರಿಸಿದ.

ಚೀಟಿ ಎತ್ತಿದಾಗ ಅವರಿಗೆ ಹದಿನೇಳನೆಯ ನಿವೇಶನ ಬಂತು. ಸಾಲಿನಲ್ಲೆಲ್ಲ ಕೆಟ್ಟದ್ದು ಅದು. ಮಗ್ಗದ ಕುಣಿ ಬರಬೇಕಾದ ಕಡೆ ಭೂಮಿಯೊಳಗೆ ಬಂಡೆ ಮಲಗಿತ್ತು. ಬದಲಾಯಿಸಿಕೊಳ್ಳಲು ಬೇಕಾದರೆ ಅರ್ಜಿ ಕೊಡಬಹುದು ಎಂದು ಮಲ್ಲಿಕಾರ್ಜುನಪ್ಪ ಹೇಳಿದ. ಬೇಡ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಹತ್ತಿರದ ಸಿದ್ದಾಪುರದಿಂದ ಕಲ್ಲುಕುಟಿಗರು ಬಂದು ಐದು ದಿನ ಬಂಡೆ ಒಡೆದರು. ಹೆಂಗಸರು ಬುಟ್ಟಿಯಲ್ಲಿ ಚಕ್ಕೆ ಹೊತ್ತು ಗೋಡೆಯ ಕೆಲಸಕ್ಕೆ ಹಾಕಿಕೊಂಡರು. ಯುಗಾದಿಗೆ ನಾಲ್ಕು ದಿನ ಮುಂಚೆ ಮನೆಯ ಚಾವಣಿ ಹೊದೆಸಿದ್ದಾಯಿತು.

ಹಳೆಯ ಮನೆಯಿಂದ ಮಗ್ಗ ಬಿಚ್ಚಿ ತಂದ ದಿನ ಮೊದಲ ಜಗಳ ಆಯಿತು. ನೇಯುವವರ ಮುಖ ಬಾಗಿಲ ಕಡೆ ಇರಬೇಕು, ಬೆಳಕು ಬರುತ್ತದೆ ಎಂದು ಓಬಳಮ್ಮ. ಬಾಗಿಲ ಕಡೆ ಇದ್ದರೆ ಹೋಗಿ ಬರುವವರನ್ನು ನೋಡುತ್ತ ಎಳೆ ತಪ್ಪುತ್ತೀಯ, ಗೋಡೆಯ ಕಡೆ ಇರಲಿ ಎಂದು ಈಶ್ವರಮ್ಮ. ಆರು ವರ್ಷದಲ್ಲಿ ಒಂದು ಎಳೆ ತಪ್ಪಿದ್ದು ತೋರಿಸು ಎಂದು ಓಬಳಮ್ಮ. ತೋರಿಸುತ್ತೇನೆ ಎಂದು ಈಶ್ವರಮ್ಮ ವರ್ಷ, ತಿಂಗಳು, ಸೀರೆಯ ಬಣ್ಣ ಸಮೇತ ಹೇಳತೊಡಗಿದಳು. ಒಂಬತ್ತು ಇದ್ದವು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಓಬಳಮ್ಮ ಕೂಗಿದಳು.

ಗದ್ದಲ ಮೂರು ಮನೆಯಾಚೆಗೆ ಕೇಳಿಸಿತು. ಹದಿನೆಂಟನೆಯ ನಿವೇಶನದ ಮುದ್ದಕ್ಕ, ಹಳೆಯ ಓಣಿಯಲ್ಲೂ ಅವರ ನೆರೆಯವಳು, ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು. ದನಿ ಕೇಳಿಯೇ ಎಷ್ಟೋ ವರ್ಷವಾಗಿತ್ತಾದ್ದರಿಂದ ಯಾವುದು ಯಾರದೆಂದು ಅವಳಿಗೆ ತಿಳಿಯಲಿಲ್ಲ. ಬಿಡಿಸಲು ಹೋಗಲೋ ಬೇಡವೋ ಎಂದು ಸುಣ್ಣದ ಗೆರೆಯ ಬಳಿ ನಿಂತಳು.

ಮಧ್ಯಾಹ್ನದ ಊಟದ ಹೊತ್ತಿಗೆ ತೀರ್ಮಾನವಾಯಿತು. ಮಗ್ಗ ಗೋಡೆಯ ಕಡೆಗೆ ತಿರುಗಿತು. ಗೋಡೆಯಲ್ಲಿ ಒಂದು ಕಿಟಕಿ ಒಡೆಸುವುದೆಂದು ಆಯಿತು. ಉಂಡು ಎದ್ದು ಇಬ್ಬರೂ ಹೊಸ ಸೀರೆಗೆ ಹಾಸಿನ ಉದ್ದೆಳೆ ಬಿಡಿಸಲು ಕೂತರು.