ಗೋಡೆಗೆ ಮುಖ

ಬ್ಲೀಚಿಂಗ್ ಪೌಡರಿನ ವಾಸನೆಯೇ ತಾಯಂದಿರ ವಾಸನೆ ಎಂದು ಚಿಕ್ಕವಳಿದ್ದಾಗ ನಾನು ಬಹಳ ಕಾಲ ತಿಳಿದಿದ್ದೆ. ಅಮ್ಮ ತಲೆ ಸವರಿದರೂ ಅದೇ, ಕೆನ್ನೆ ಹಿಂಡಿದರೂ ಅದೇ. ಬೇರೆ ಮಕ್ಕಳ ಅಮ್ಮಂದಿರ ಕೈ ಈರುಳ್ಳಿಯದೋ ಸೋಪಿನದೋ ವಾಸನೆ ಬೀರಿದರೆ, ಪಾಪ, ಇವರಿಗೆ ಸರಿಯಾಗಿ ಕೈ ತೊಳೆಯಲು ಬರುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಕಾಲೇಜಿನ ಬಸ್ಸು ಕಡಲತೀರದ ದೊಡ್ಡ ಹೋಟೆಲಿನ ಮುಂದೆ ನಿಂತಾಗ ಎಲ್ಲರ ಮೂಗಿಗೂ ಹೂವಿನ ಅತ್ತರು ಬಡಿಯಿತು. ಅದರ ಅಡಿಯಲ್ಲಿದ್ದ ಆ ಹಳೆಯ ವಾಸನೆ ನನಗೊಬ್ಬಳಿಗೇ ತಿಳಿಯಿತು. ಹೋಟೆಲು ನಡೆಸುವ ವಿದ್ಯೆ ಕಲಿಯುತ್ತಿದ್ದ ನಾವು ಬೆಳಿಗ್ಗೆಯಿಂದ ಊರಿನ ಹೋಟೆಲುಗಳನ್ನು ನೋಡುತ್ತ ಬಂದಿದ್ದೆವು. ಎಲ್ಲ ಕಡೆಯೂ ಒಂದೇ ಬಣ್ಣದ ಹಣ್ಣಿನ ರಸ, ಒಂದೇ ಅಳತೆಯ ನಗು. ಆದರೆ ಈ ಹೋಟೆಲಿನವರು ನಮ್ಮಲ್ಲೊಬ್ಬರನ್ನು ಅತಿಥಿಗಳನ್ನು ಎದುರುಗೊಳ್ಳುವ ಕೌಂಟರಿನ ಕೆಲಸಕ್ಕೆ ಆರಿಸುವವರಿದ್ದರು. ಅಮ್ಮ ಹಾಸಿಗೆ ಹಾಸುತ್ತಿದ್ದದ್ದೂ ಇದೇ ಹೋಟೆಲಿನಲ್ಲಿ.

ಹಿಂದಿನ ದಿನ ಅವಳು ಎಚ್ಚರಿಸಿದ್ದಳು. "ನೋಡು, ಅಲ್ಲಿ ನಾನು ಎದುರು ಬಂದ್ರೆ ನೀನ್ಯಾರೋ ನಾನ್ಯಾರೋ. ಹಾಸಿಗೆ ಹಾಸೋಳ ಮಗಳು ಅಂತ ಗೊತ್ತಾದ್ರೆ ನಿನ್ನ ಕೈಗೂ ಪೊರಕೆ ಕೊಡ್ತಾರೆ."

"ಅಮ್ಮಾ ಅಂತ ಬಾಯಿಗೆ ಬಂದ್ಬಿಟ್ರೆ?"

"ಎಡವಿದೆ ಅನ್ನು. ಎಡವಿದಾಗ ಎಲ್ರೂ ಹಾಗೇ ಅನ್ನೋದು."

ಮ್ಯಾನೇಜರಿಗೆ ಕೆಲಸದವರು ಇಟ್ಟ ಹೆಸರು ಇಸ್ತ್ರಿ. ಬಟ್ಟೆಯಲ್ಲೂ ಮಾತಿನಲ್ಲೂ ಒಂದು ಸುಕ್ಕೂ ಇರಲಿಲ್ಲ; ಹತ್ತಿರ ಹೋದರೆ ಸುಡುತ್ತಿದ್ದ. ನಮ್ಮನ್ನು ಮೇಲಿನ ಕಾರಿಡಾರಿಗೆ ಕರೆದೊಯ್ದು ಹೇಳಿದ: "ಅತಿಥಿಗಳ ಕಣ್ಣಿಗೆ ಕೆಲಸದೋರು ಬೀಳಬಾರದು. ಕೋಣೆ ತನ್ನಷ್ಟಕ್ಕೆ ತಾನೇ ಕ್ಲೀನ್ ಆಗುತ್ತೆ ಅನ್ನಿಸ್ಬೇಕು. ತೋರಿಸ್ತೀನಿ ನೋಡಿ."

ಚಪ್ಪಾಳೆ ತಟ್ಟಿದ. ಎದುರಿನ ಕೋಣೆಯಿಂದ ಹೊದಿಕೆಗಳ ರಾಶಿ ಹೊತ್ತು ಬರುತ್ತಿದ್ದ ಅಮ್ಮ ತಟ್ಟನೆ ಗೋಡೆಗೆ ಮುಖ ಮಾಡಿ ನಿಂತಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಮೊದಲೆಲ್ಲ ಅತಿಥಿಗಳಿಗೆ ನಮಸ್ಕಾರ ಬೇರೆ ಹೊಡೀತಿದ್ವು, ಕತ್ತೆಗಳು. ಬೈದು ಬೈದು ಕಲಿಸಿದೀವಿ. ಲೇ, ನೆಟ್ಟಗೆ ನಿಂತ್ಕೊಳ್ಳೇ! ಎಮ್ಮೆ ಥರ ಒರಗಿದ್ರೆ ಗೋಡೆ ಬಣ್ಣ ಹೋಗುತ್ತೆ." ಹಾಗೆಂದು ಕೈಯಲ್ಲಿದ್ದ ಬೀಗದಕೈ ಗೊಂಚಲಿನಿಂದ ಅವಳ ಬೆನ್ನಿಗೆ ತಿವಿದ.

ಅಮ್ಮನ ಕತ್ತಿನ ಹಿಂದೆ ಒಂದೆಳೆ ಕೂದಲು ಬೆವರಿಗೆ ಅಂಟಿಕೊಂಡಿತ್ತು. ನಾನು ಏನನ್ನೂ ಯೋಚಿಸಲಿಲ್ಲ. ಹೋಗಿ ಅವಳ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತೆ.

"ಹಾಳಾದೋಳೇ, ಹೋಗೇ ಆಚೆ," ಅಮ್ಮ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು.

"ನೀನ್ಯಾರೋ ನಾನ್ಯಾರೋ," ಎಂದೆ.

ನನ್ನ ಹಿಂದೆ ಇದ್ದವಳು ಗಿಳಿ, ತರಗತಿಯಲ್ಲಿ ನಾನು ಬರೆದದ್ದನ್ನೇ ಬರೆಯುವ ಗೆಳತಿ. ಇದೇನೋ ಅಭ್ಯಾಸ ಇರಬೇಕೆಂದು ಅವಳೂ ತಿರುಗಿದಳು. ಅವಳನ್ನು ನೋಡಿ ಅವಳ ಪಕ್ಕದವನು, ಅವನನ್ನು ನೋಡಿ ಇನ್ನೊಬ್ಬ. ಕೊನೆಯಲ್ಲಿ ಕನ್ನಡಕ ಒರೆಸುತ್ತಿದ್ದ ನಮ್ಮ ಮೇಡಂ ಅದನ್ನು ಹಾಕಿಕೊಂಡು ನೋಡುತ್ತಾರೆ, ತರಗತಿಗೆ ತರಗತಿಯೇ ಗೋಡೆ ನೋಡುತ್ತಿದೆ! ತಮಗೆ ಮಾತ್ರ ಸೂಚನೆ ಕೇಳಿಸಲಿಲ್ಲವೆಂದು ನಾಚಿ ಅವರೂ ಗೋಡೆಗೆ ತಿರುಗಿದರು.

"ಏನ್ರಮ್ಮಾ ಇದು! ತಿರುಗ್ರಿ ಈ ಕಡೆ! ಇದು ನಿಮಗಲ್ಲ, ಇಂಥೋರಿಗೆ!"

"ಪ್ರಾಕ್ಟಿಕಲ್ ಅಲ್ವಾ ಸಾರ್?" ಗಿಳಿ ಗೋಡೆಯನ್ನೇ ಕೇಳಿದಳು.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಹೋಟೆಲಿನ ಸಾಹುಕಾರರು ತಮ್ಮ ದೊಡ್ಡ ಅತಿಥಿಗಳಾದ ವೃದ್ಧ ದಂಪತಿಗಳನ್ನು ತಾವೇ ಕೋಣೆಗೆ ಕರೆತರುತ್ತಿದ್ದರು. ಅಜ್ಜಿ ಸೀದಾ ನನ್ನ ಪಕ್ಕಕ್ಕೆ ಬಂದು ಗೋಡೆಗೆ ಕಣ್ಣು ಕೀಲಿಸಿದರು. "ಏನಿದೆಯಮ್ಮ ಇಲ್ಲಿ? ಹಲ್ಲಿಯಾ?"

"ಎಲ್ಲಿ, ಎಲ್ಲಿ?" ಎನ್ನುತ್ತ ಅಜ್ಜನೂ ಬಂದು ಗೋಡೆ ನೋಡತೊಡಗಿದರು.

ಆ ಕಾರಿಡಾರಿನಲ್ಲಿ ಈಗ ಮುಖ ಅಂತ ಉಳಿದಿದ್ದದ್ದು ಸಾಹುಕಾರರದು ಮತ್ತು ಇಸ್ತ್ರಿಯದು ಮಾತ್ರ.

"ಯಾವನೋ ಸತ್ತಿರೋದು ಇಲ್ಲಿ? ಬೋಳಿಮಗನೇ, ಏನೋ ಈ ನಾಟಕ?" ಸಾಹುಕಾರರು ಅತಿಥಿಗಳಿಗೆ ಕೇಳಿಸಬಾರದೆಂದು ಹಲ್ಲುಕಚ್ಚಿ ಹೇಳಿದರು. ಎಲ್ಲರಿಗೂ ಕೇಳಿಸಿತು.

ಅಮ್ಮನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಗು ತಡೆಯಲಾರದೆ ತಿರುಗಿಯೇಬಿಟ್ಟಳು. ಸಾಹುಕಾರರನ್ನು ಮೇಲಿಂದ ಕೆಳಗೆ ನೋಡಿದಳು.

"ಅಯ್ಯೋ, ಇಷ್ಟೇನಾ ಸಾಹುಕಾರ್ರು! ಇಷ್ಟು ವರ್ಷ ಬೂಟಿನ ಸದ್ದು ಕೇಳಿ ಬಾಗಿಲೆತ್ತರ ಇರ್ತಾರೆ ಅಂದ್ಕೊಂಡಿದ್ದೆ."

ಅಜ್ಜಿ ಗೊಳ್ಳೆಂದು ನಕ್ಕರು. ಸಾಹುಕಾರರು ನಗಲಿಲ್ಲ. ಅತಿಥಿಗಳನ್ನು ಕೋಣೆಯೊಳಗೆ ಬಿಟ್ಟು ಹೊರಬಂದವರು ಇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿ ಲಿಫ್ಟಿಗೆ ಹೋದರು.

"ಕೇಳಿಸ್ತೇನೆ? ನಾಳೆಯಿಂದ ನೀನು ಬೇಡ," ಎಂದ ಇಸ್ತ್ರಿ. ಆಮೇಲೆ ನನ್ನನ್ನೂ ಅವಳನ್ನೂ ನೋಡಿದ. "ಓಹೋ. ಇಬ್ಬರದೂ ಒಂದೇ ಮೂಗು. ನಿನ್ನ ಮಗಳಾ? ನೋಡಮ್ಮ, ಕೌಂಟರ್ ಆಸೆ ಬಿಡು. ಬೇಕಾದ್ರೆ ಹಿಂದಿನ ಬಾಗಿಲಿಂದ ಬಾ, ಅಮ್ಮನ ಪೊರಕೆ ಖಾಲಿ ಇರುತ್ತೆ."

ಅಮ್ಮನಿಗಿದ್ದ ಕೆಲಸ, ನನಗೆ ಸಿಗಬಹುದಾಗಿದ್ದ ಕೆಲಸ, ಎರಡೂ ಒಂದೇ ಉಸಿರಿಗೆ ಹೋದವು. ಅಮ್ಮನ ನಗು ನಿಂತಿತು. ಅವಳು ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಅವಳು ನನ್ನ ಮುಂಗೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಆಮೇಲೆ ಹೊದಿಕೆಗಳ ರಾಶಿಯನ್ನು ಇಸ್ತ್ರಿಯ ತೋಳಿಗೆ ಇಟ್ಟಳು. ಕೆಲಸದವರ ನೀಲಿ ಕೋಟು ಬಿಚ್ಚಿ ಅದರ ಮೇಲಿಟ್ಟಳು.

"ನಾಳೆಯಿಂದ ಯಾಕೆ ಸ್ವಾಮಿ, ಈಗಿಂದಲೇ ಬೇಡ. ಇನ್ನು ನಾನು ನಿಮ್ಮ ಆಳಲ್ಲ ತಾನೆ?"

"ಅಲ್ಲ. ತೊಲಗು!"

"ತೊಲಗ್ತೀನಿ. ಊಟ ಮಾಡ್ಕೊಂಡು, ಮುಂದಿನ ಬಾಗಿಲಿಂದ. ಊಟದ ಹಾಲ್‌ನಲ್ಲಿ ಕೂರಬಾರದು ಅನ್ನೋದು ಕೆಲಸದೋರಿಗೆ ತಾನೆ?"

ಊಟದ ಹಾಲಿನಲ್ಲಿ ನಮಗಾಗಿ ಉದ್ದನೆಯ ಮೇಜು ಹಾಕಿದ್ದರು. ಅಮ್ಮ ಬಾಗಿಲಲ್ಲಿ ಒಂದು ಕ್ಷಣ ತಡೆದಳು. ಮೇಡಂ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ತೆಗೆದು ಕಾಲ ಬಳಿ ಇಟ್ಟುಕೊಂಡರು. "ಬನ್ನಿ ಅಕ್ಕ, ಇಲ್ಲಿ ಜಾಗ ಇದೆ."

ಕಿಟಕಿಯಾಚೆ ಸಮುದ್ರ. ಅಮ್ಮ ಅದನ್ನು ನೋಡಲಿಲ್ಲ. ಮೇಜಿನ ಬಟ್ಟೆಯನ್ನು ಸವರಿದಳು. "ಥೂ, ಈ ಕಲೆ ಎಷ್ಟು ಉಜ್ಜಿದ್ರೂ ಹೋಗ್ಲೇ ಇಲ್ಲ ನೋಡು."

ಇಸ್ತ್ರಿ ಬಡಿಸುವವನನ್ನು ಅಡ್ಡಗಟ್ಟಿದ. "ಆ ಹೆಂಗಸಿಗೂ ಅವಳ ಮಗಳಿಗೂ ತಟ್ಟೆ ಇಟ್ಯೋ, ಅವಳ ಹಿಂದೆ ನೀನೂ."

ಎಲ್ಲರ ಮುಂದೆಯೂ ಅನ್ನ, ಹುರಿದ ಮೀನು ಬಂತು. ನಮ್ಮಿಬ್ಬರ ಮುಂದೆ ಬರಿಯ ಬಟ್ಟೆ. ಹಸಿವು ತಡೆಯಲಾರದ ಗಿಳಿ ಕೂಡ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಯಾರೂ ತಟ್ಟೆ ಮುಟ್ಟಲಿಲ್ಲ. ಬಡಿಸುವವನು ಖಾಲಿ ಟ್ರೇ ಹಿಡಿದು ನಮ್ಮನ್ನು ನೋಡುತ್ತ ನಿಂತಿದ್ದ.

"ಅವನ ಕಡೆ ನೋಡ್ಬೇಡ ಕಣೇ," ಅಮ್ಮ ಪಿಸುಗುಟ್ಟಿದಳು. "ಪಾಪ, ಮೊನ್ನೆ ಮೊನ್ನೆ ಮಗು ಆಗಿದೆ."

ಅವನು ಅಡುಗೆಮನೆಗೆ ಹೋದ. ಅವನ ಹಿಂದೆ ಬಾಗಿಲು ಅಲ್ಲಾಡಿ ಅಲ್ಲಾಡಿ ನಿಂತಿತು. ಇಸ್ತ್ರಿ ಗೋಡೆಗೆ ಒರಗಿ ನಕ್ಕ.

ಬಾಗಿಲನ್ನು ಬೆನ್ನಿನಿಂದ ನೂಕಿಕೊಂಡು ಬಡಿಸುವವನು ಹೊರಗೆ ಬಂದ. ಟ್ರೇಯಲ್ಲಿ ಎರಡು ತಟ್ಟೆಗಳಿದ್ದವು. ಚಮಚಗಳು ಸದ್ದು ಮಾಡುತ್ತಿದ್ದವು. ಇಸ್ತ್ರಿಯ ಪಕ್ಕದಿಂದಲೇ ಹಾದು ಬಂದು ಒಂದು ತಟ್ಟೆಯನ್ನು ನನಗೆ ಕೊಟ್ಟ, ಇನ್ನೊಂದನ್ನು ಅಮ್ಮನ ಕೈಗಿಟ್ಟ.

"ಮುಳ್ಳಿದೆ ಅಕ್ಕ," ಎಂದ ಮೆಲ್ಲಗೆ. "ನೋಡ್ಕೊಂಡು ತಿನ್ನಿ."