ಇಟಲಿ ಯಾಕೆ ಆ ಕಡೆ ಹೋಯಿತು

ಬೆಲ್ಜಿಯಂ ಕಾಣೆಯಾಗಿತ್ತು. ಈಗ ತಾನೇ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಜರ್ಮನಿಗೂ ಫ್ರಾನ್ಸಿಗೂ ನಡುವೆ ಇತ್ತು. ಟಿಕೆಟ್ಟಕ್ಕ ಸೀಮೆಸುಣ್ಣದ ಡಬ್ಬಿ ಎತ್ತಿ ನೋಡಿದಳು, ಕತ್ತರಿಯ ಅಡಿ ನೋಡಿದಳು, ಕೊನೆಗೆ ಮಂಡಿಯೂರಿ ಹೊಲಿಗೆ ಯಂತ್ರದ ಕೆಳಗೆ ಕೈಯಾಡಿಸಿದಳು. ಬಟ್ಟೆ ಚೂರು ಸಿಕ್ಕಿತು, ಮುರಿದ ಸೂಜಿ ಸಿಕ್ಕಿತು. ಮಗುವಿನ ಅಂಗಿಯ ಬಿಳಿ ಗುಂಡಿಯಾಗಿದ್ದ ಆ ದೇಶ ಮಾತ್ರ ಸಿಗಲಿಲ್ಲ.

"ಸ್ವಲ್ಪ ಕಾಲು ಎತ್ರೀ," ಎಂದಳು.

ಗಂಡ ಯಂತ್ರ ತುಳಿಯುತ್ತಲೇ, "ಏನು ಬಿತ್ತು?" ಎಂದ.

"ಬೆಲ್ಜಿಯಂ."

"ಅಷ್ಟು ಚಿಕ್ಕದು. ಅದಿಲ್ದೆ ನಡೆಯಲ್ವಾ?"

"ಅದನ್ನ ತುಳಿದ್ರು ಅಂತಾನೇ ಇಂಗ್ಲೆಂಡ್ ಎದ್ದು ಬಂದದ್ದು. ನೀವೂ ತುಳೀಬೇಡಿ, ಎತ್ತಿ."

ದರ್ಜಿ ಎರಡೂ ಕಾಲು ಎತ್ತಿದ. ಬೆಲ್ಜಿಯಂ ಅವನ ಹಿಮ್ಮಡಿಗೆ ಅಂಟಿಕೊಂಡಿತ್ತು.

ಮ್ಯೂಸಿಯಮ್ಮಿನ ಬಾಗಿಲಲ್ಲಿ, ಕಿಂಡಿಯ ಹಿಂದೆ ಕೂತು ಟಿಕೆಟ್ ಹರಿದು ಕೊಡುವುದರಲ್ಲೇ ಅವಳ ತಲೆ ನರೆಯತೊಡಗಿತ್ತು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಕಸ ಗುಡಿಸುವವಳಿಂದ ಹಿಡಿದು ಮ್ಯೂಸಿಯಂ ನೋಡಿಕೊಳ್ಳುವ ಮೇಡಂವರೆಗೆ ಎಲ್ಲರಿಗೂ ಟಿಕೆಟ್ಟಕ್ಕ. ಹೋದ ತಿಂಗಳು ಕಿಂಡಿಯ ಪಕ್ಕದಲ್ಲೇ ಒಂದು ಯಂತ್ರ ತಂದು ನಿಲ್ಲಿಸಿದರು. ಅದಕ್ಕೆ ಬಾಯಿಯಿತ್ತು, ನಾಲಿಗೆಯಿತ್ತು. ದುಡ್ಡು ನುಂಗಿ ಟಿಕೆಟ್ ಚಾಚುತ್ತಿತ್ತು. ಮೇಡಂ ಅವಳನ್ನು ಒಳಗೆ ಕರೆದು ಕೂರಿಸಿ, "ಅಕ್ಕ, ಮೊದಲ ಮಹಾಯುದ್ಧದ ಕೋಣೆ ತೋರಿಸ್ತಿದ್ದವರು ಬಿಟ್ಟು ಹೋದ್ರು. ಆ ಕಥೆ ನೀವು ಕಲೀರಿ. ಸೋಮವಾರ ರಜೆ ಇರುತ್ತೆ, ನನ್ನೊಬ್ಬಳಿಗೇ ಕೋಣೆ ತೋರಿಸಿ. ಕಥೆ ತಲೇಲಿ ನಿಂತ್ರೆ ಆ ಕೆಲಸ ನಿಮ್ದು. ಇಲ್ದಿದ್ರೆ..." ಎಂದು ಒಂದು ಪುಸ್ತಕ ಕೈಗಿತ್ತಿದ್ದರು. ಇಲ್ಲದಿದ್ದರೆ ಏನು ಎಂಬುದನ್ನು ಹೊರಗಿನ ಯಂತ್ರವೇ ಟಕ್ ಎಂದು ಹೇಳಿತು. ಈಗ ಎಲ್ಲರೂ ಹೊಲಿದದ್ದನ್ನೇ ಕೊಳ್ಳುವವರು. ಗಂಡನ ಅಂಗಡಿಗೆ ಬರುವುದು ಹರಿದದ್ದು, ಬಿಗಿಯಾದದ್ದು, ಅಷ್ಟೇ. ಒಲೆ ಉರಿಯುತ್ತಿದ್ದದ್ದು ಆ ಕಿಂಡಿಯಿಂದ.

ಮರೆವು ದೇವರು ಕೊಟ್ಟ ವರ ಅನ್ನುತ್ತಾರೆ. ಕೆಲಸ ಹೋಗುವ ಹೊತ್ತಿನಲ್ಲಿ ಆ ವರ ಯಾರಿಗೂ ಬೇಡ. ಬೆಳಿಗ್ಗೆ ಓದಿದ ಯುದ್ಧ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಎಲ್ಲೋ ಒಬ್ಬ ಹುಡುಗ ಒಬ್ಬ ರಾಜಕುಮಾರನಿಗೆ ಗುಂಡು ಹೊಡೆದ. ಅಷ್ಟಕ್ಕೆ, ಆ ಹುಡುಗನ ಮುಖವನ್ನೇ ಕಾಣದ ದೇಶಗಳೆಲ್ಲ ಒಂದು ಕುರಿಯ ಹಿಂದೆ ಇನ್ನೊಂದು ಕುರಿ ಬಾವಿಗೆ ಬಿದ್ದ ಹಾಗೆ ಬಿದ್ದವು. ಯಾವುದರ ಹಿಂದೆ ಯಾವುದು? ಗುಂಡಿ ಜೋಡಿಸಿದರೂ ಅಷ್ಟೇ, ಜೋಡಿಸದಿದ್ದರೂ ಅಷ್ಟೇ. ತಲೆಯೊಳಗೆ ಗುಂಡಿಯ ಡಬ್ಬಿಯನ್ನೇ ಅಲ್ಲಾಡಿಸಿದಂತಾಗುತ್ತಿತ್ತು.

ಮೂಲೆಯ ಮಂಚದಿಂದ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಮಂಡಿ ಸೋತು ಮಂಚ ಹಿಡಿದ ಜೀವ. ಹಳ್ಳಿಯಲ್ಲಿದ್ದಾಗ ಅವರು ಕಥೆಗೆ ಕೂತರೆ ದೀಪದ ಎಣ್ಣೆ ತೀರಬೇಕೇ ಹೊರತು ಕಥೆ ತೀರುತ್ತಿರಲಿಲ್ಲ.

"ಈ ರಾಜರು ಒಬ್ಬರಿಗೊಬ್ಬರು ಏನಾಗಬೇಕು?" ಎಂದು ಕೇಳಿದರು.

"ಏನಾಗಬೇಕು ಅಂದ್ರೆ? ಶತ್ರುಗಳು ಅತ್ತೆ."

"ಶತ್ರು ಆಮೇಲೆ ಆಗೋದು ತಾಯಿ. ಅದಕ್ಕೂ ಮುಂಚೆ ಏನೋ ಆಗಿರ್ತಾರಲ್ಲ."

ಅವಳು ಪುಸ್ತಕ ತಿರುವಿದಳು. ಜರ್ಮನಿಯವನೂ ಇಂಗ್ಲೆಂಡಿನವನೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ಇಂಗ್ಲೆಂಡಿನವನ ತಾಯಿಯೂ ರಷ್ಯಾದವನ ತಾಯಿಯೂ ಅಕ್ಕತಂಗಿಯರು.

"ಅಜ್ಜಿ ಇದ್ಳಾ ಆಗ?"

"ಸತ್ತು ವರ್ಷಗಳೇ ಆಗಿದ್ವು."

"ಅದಕ್ಕೇ." ಅತ್ತೆ ಎದ್ದು ಕೂತರು. "ಇದು ಮನೆ ಒಡೆದ ಕಥೆ. ಒಬ್ಬೊಬ್ಬರಿಗೂ ನಂಟು ಹಾಕು. ನಂಟಿದ್ದದ್ದು ಮರೆಯಲ್ಲ. ಮೊದಲು ಕೈ ಎತ್ತಿದ್ದು ಯಾರು?"

"ಆಸ್ಟ್ರಿಯಾ. ಸರ್ಬಿಯಾ ಮೇಲೆ."

"ಆಸ್ಟ್ರಿಯಾ ನನ್ನ ದೊಡ್ಡ ಮಗ." ಅತ್ತೆ ಗದ್ದದಲ್ಲೇ ಹಿಂದಿನ ಬಾಗಿಲು ತೋರಿಸಿದರು. "ಸರ್ಬಿಯಾ ನನ್ನ ಕಿರಿಯವನು. ಅಂಗೈಯಗಲದ ಆಳು, ಊರಗಲದ ಬಾಯಿ. ಇನ್ಯಾರು?"

"ಜರ್ಮನಿ. 'ನೀನು ನುಗ್ಗು, ಹಿಂದೆ ನಾನಿದೀನಿ' ಅಂತ ಆಸ್ಟ್ರಿಯಾಕ್ಕೆ ಮಾತು ಕೊಟ್ಟಿತ್ತು."

"ದೊಡ್ಡ ಸೊಸೆಯ ಅಣ್ಣ," ಎಂದರು ಅತ್ತೆ, ರೆಪ್ಪೆ ಬಡಿಯದೆ. ಮೈ ದೊಡ್ಡದು, ಏಳಲು ಹೊತ್ತು ಹಿಡಿಯುತ್ತದೆ ಎಂದು ಕಿರಿಯವನ ಮಾವ ರಷ್ಯಾ ಆದ. ಅಂಗಳದ ಬಾಡಿಗೆ ಕೋಣೆಯಲ್ಲಿದ್ದು, ಯಾರ ತಂಟೆಗೂ ಹೋಗದೆ, ಅಣ್ಣತಮ್ಮಂದಿರ ಜಗಳದ ದಿನ ಹೂಕುಂಡಗಳನ್ನೆಲ್ಲ ತುಳಿಸಿಕೊಂಡ ಮುದುಕಿ ಬೆಲ್ಜಿಯಂ. ಕುಂಡ ಒಡೆಯುವವರೆಗೂ ರಸ್ತೆಯಾಚೆ ತನ್ನ ಕಿಟಕಿಯಲ್ಲಿ ನಿಂತು ನೋಡಿದ ಅತ್ತೆಯ ತಮ್ಮ ಇಂಗ್ಲೆಂಡ್. ಟಿಕೆಟ್ಟಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಥೆ ತಲೆಯೊಳಗೆ ಕಾಲು ಮಡಚಿ ಕೂತಿತು.

"ಇಟಲಿ ಉಳೀತು ಅತ್ತೆ. ಆಸ್ಟ್ರಿಯಾ ಜರ್ಮನಿ ಜೊತೆ ಒಪ್ಪಂದ ಮಾಡ್ಕೊಂಡಿತ್ತು. ಜಗಳ ಶುರುವಾದಾಗ ಬಾಯಿ ಮುಚ್ಚಿ ಕೂತಿತ್ತು. ಮಾರನೇ ವರ್ಷ ಎದ್ದು ಆ ಕಡೆಯವರನ್ನ ಸೇರ್ಕೊಂತು."

"ಅದು ನನ್ನ ನಡುವಿನ ಮಗ," ಎಂದರು ಅತ್ತೆ.

ಹೊಲಿಗೆ ಯಂತ್ರ ನಿಂತಿತು.

"ಯಾಕತ್ತೆ, ಇವರು ಯಾಕೆ?"

"ನಡುವಿನವನು ಅಂತ. ನೆನಪಿಗೆ ಸಲೀಸು."

"ದಾರ ತುಂಡಾಯ್ತು," ಎಂದ ಗಂಡ, ಯಾರೂ ಕೇಳದಿದ್ದರೂ. ದಾರ ತುಂಡಾದ ಹಾಗೆ ಅವಳಿಗೆ ಕಾಣಲಿಲ್ಲ. ಅವನು ಗುಂಡಿಯ ಡಬ್ಬಿಗೆ ಕೈಹಾಕಿ, ನೋಡದೆಯೇ ಒಂದು ಕಂದು ಗುಂಡಿ ತೆಗೆದು ಮೇಜಿನ ಮೇಲಿಟ್ಟ. ಕೋಟಿನದು, ನಾಲ್ಕು ತೂತಿನದು.

ಹಿಂದಿನ ಬಾಗಿಲ ಆಚೆ ಭಾವ ಕೆಮ್ಮಿದರು. ಆ ಬಾಗಿಲಿಗೆ ಈ ಕಡೆ ಒಂದು ಚಿಲಕ, ಆ ಕಡೆ ಒಂದು ಚಿಲಕ. ಮಾವ ತೀರಿಕೊಂಡ ವರ್ಷ ಗಂಡನ ಅಣ್ಣನೂ ತಮ್ಮನೂ ಅಂಗಳದಲ್ಲಿ ಗೋಡೆ ಎಬ್ಬಿಸುವ ಮಾತಿಗೆ ಕೈ ಕೈ ಮಿಲಾಯಿಸಿದ್ದರು. ಅಲ್ಲಿಯವರೆಗೆ "ಅಣ್ಣ ನಿಂತ ಕಡೆ ನಾನು" ಎನ್ನುತ್ತಿದ್ದ ಗಂಡ, ಹಿರಿಯರು ಪಾಲಿಗೆ ಕೂತ ದಿನ ಕಿರಿಯವನ ಪಕ್ಕದಲ್ಲಿ ಹೋಗಿ ಕೂತ. ಬೀದಿಗೆ ಮುಖವಿರುವ ಮುಂದಿನ ಭಾಗ ಗಂಡನಿಗೆ ಬಂತು, ಹಿಂದಿನದು ಭಾವನಿಗೆ. ಕಿರಿಯವನು ತನ್ನದನ್ನು ಮಾರಿ ಊರು ಬಿಟ್ಟ. ಆಗ ಅವಳು ತಾಯಿಯ ಕಾಯಿಲೆಗೆಂದು ತವರಲ್ಲಿದ್ದಳು. ವಾಪಸು ಬಂದಾಗ ಚಿಲಕ ಬಿದ್ದಿತ್ತು. ಆ ಮಾತು ಬಂದಾಗಲೆಲ್ಲ ಗಂಡ ಹೇಳುತ್ತಿದ್ದದ್ದು ಒಂದೇ: "ನನ್ನನ್ನ ಯಾರೂ ಒಂದು ಮಾತು ಕೇಳಲಿಲ್ಲ." ಅವಳೂ ಅದನ್ನೇ ನಂಬಿದ್ದಳು. ಅತ್ತೆ ನಂಬಿದ್ದರೋ ಇಲ್ಲವೋ, ಅವರನ್ನು ಯಾರೂ ಕೇಳಿರಲಿಲ್ಲ.

ಸೋಮವಾರ ಮ್ಯೂಸಿಯಂ ಬಿಕೋ ಎನ್ನುತ್ತಿತ್ತು. ಮೇಡಂ ಬೀಗದಕೈ ಗೊಂಚಲು ಹಿಡಿದು ಮುಂದೆ ನಡೆದು ಯುದ್ಧದ ಕೋಣೆಯ ದೀಪ ಹಾಕಿದರು. ಗಾಜಿನ ಪೆಟ್ಟಿಗೆಗಳಲ್ಲಿ ಕೆಸರು ಒಣಗಿದ ಬೂಟುಗಳು, ಸತ್ತವರ ಕೋಟುಗಳು. ನೆಲದ ತುಂಬ ದೊಡ್ಡ ನಕ್ಷೆ. ಟಿಕೆಟ್ಟಕ್ಕ ಜೇಬಿನಲ್ಲಿ ಕೈಯಿಟ್ಟು ಗುಂಡಿಗಳನ್ನು ಮುಟ್ಟಿಕೊಂಡಳು.

"ಶುರು ಮಾಡಿ ಅಕ್ಕ. ನಾನು ದುಡ್ಡು ಕೊಟ್ಟು ಬಂದವಳು ಅಂದ್ಕೊಳ್ಳಿ."

"ಟಿಕೆಟ್ ತೋರಿಸಿ ಮತ್ತೆ," ಎಂದಳು. ಮೇಡಂ ನಕ್ಕರು. ಆ ನಗುವಿನಿಂದ ಅವಳ ನಾಲಿಗೆಯ ಗಂಟು ಬಿಚ್ಚಿತು.

"ಒಂದು ದೊಡ್ಡ ಮನೆ ಇತ್ತು ಮೇಡಂ. ಅಜ್ಜಿ ಒಬ್ಬಳು ಇರೋವರೆಗೆ ಮೊಮ್ಮಕ್ಕಳು ಒಬ್ಬರ ಮದುವೆಗೆ ಒಬ್ಬರು ಹೋಗ್ತಿದ್ರು..." ಎಂದು ಹಿಡಿದ ಎಳೆ ತುಂಡಾಗದೆ ಬಂತು. ನಕ್ಷೆಯ ಮೇಲೆ ನಡೆಯುತ್ತಲೇ ಹೇಳಿದಳು. ಆಸ್ಟ್ರಿಯಾ ನುಗ್ಗಿದ್ದು, ರಷ್ಯಾ ನಿಧಾನಕ್ಕೆ ಎದ್ದದ್ದು, ಜರ್ಮನಿ ಬೆಲ್ಜಿಯಮ್ಮನ್ನು ತುಳಿದು ಫ್ರಾನ್ಸಿಗೆ ಹೊರಟದ್ದು. ಒಂದು ಕಡೆ "ಹೂಕುಂಡ" ಎಂಬ ಮಾತು ಬಾಯಿಗೆ ಬಂದುಬಿಟ್ಟಿತು. ಕೆಮ್ಮಿ "ಕೋಟೆ" ಎಂದಳು. ಮೇಡಂ ಹುಬ್ಬೇರಿಸಿದರು, ತಡೆಯಲಿಲ್ಲ. ಬೂಟುಗಳ ಎದುರು ಬಂದಾಗ, ಹೊಡೆದಾಟ ಕಂಡರಿಯದ ಹುಡುಗರು ಕೆಸರಿನ ಹಳ್ಳದಲ್ಲಿ ವರ್ಷಗಟ್ಟಲೆ ನಿಂತ ಮಾತು ಹೇಳಿದಳು. ಅಲ್ಲಿ ಯಾವ ನಂಟನ್ನೂ ನೆನೆಯಬೇಕಾಗಿರಲಿಲ್ಲ.

"ಚೆನ್ನಾಗಿದೆ," ಎಂದರು ಮೇಡಂ. "ಆದ್ರೆ ಬಂದವರೆಲ್ಲ ಇಲ್ಲಿ ನಿಂತು ಒಂದು ಪ್ರಶ್ನೆ ಕೇಳ್ತಾರೆ. ಇಟಲಿ ಇವರ ಜೊತೆ ಇತ್ತಲ್ಲ, ಯಾಕೆ ಆ ಕಡೆ ಹೋಯ್ತು?"

"ಯಾರೂ ಅವರನ್ನ ಒಂದು ಮಾತು ಕೇಳಲಿಲ್ಲ ಮೇಡಂ. ಯಾರಾದ್ರೂ ನಮ್ಮ ಮೇಲೆ ಬಿದ್ರೆ ಒಟ್ಟಾಗಿ ನಿಲ್ಲೋಣ ಅಂತ ಇದ್ದದ್ದು ಮಾತು. ಆಸ್ಟ್ರಿಯಾ ಜರ್ಮನಿಯವರೇ ಬೇರೆಯವರ ಮೇಲೆ ಬೀಳೋಕೆ ಹೋದ್ರು. ಹೋಗೋ ಮುಂಚೆ ಹೇಳಲೂ ಇಲ್ಲ."

"ಅಷ್ಟೇನಾ?"

ಅಷ್ಟೇ ಅಲ್ಲ. ಪುಸ್ತಕದಲ್ಲಿ ಇನ್ನೂ ಒಂದು ಸಾಲು ಇತ್ತು. ಅದನ್ನೂ ಬಾಯಿಪಾಠ ಮಾಡಿದ್ದಳು. ಆದರೆ ಅತ್ತೆ ಅದಕ್ಕೆ ನಂಟು ಹಾಕಿರಲಿಲ್ಲ. ಜೇಬಿನಲ್ಲಿ ಬೆರಳಿಗೆ ನಾಲ್ಕು ತೂತಿನ ಗುಂಡಿ ಸಿಕ್ಕಿತು.

"ಆ ಕಡೆಯವರು ಗುಟ್ಟಾಗಿ ಮಾತು ಕೊಟ್ಟಿದ್ರು. ನಮ್ಮ ಕಡೆ ಬಂದ್ರೆ ಜಾಗ ಕೊಡ್ತೀವಿ ಅಂತ."

"ಯಾವ ಜಾಗ?"

ಆಗ ಅವಳ ಕಣ್ಣೆದುರು ಗಂಡ ನಿಂತಿದ್ದ. ಅವಳು ತವರಿಗೆ ಹೊರಟ ಬೆಳಿಗ್ಗೆ ಅದು. ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಹಿರಿಯರು ಇನ್ನೂ ಕೂತಿರಲಿಲ್ಲ, ಪಾಲಿನ ಮಾತೇ ಎದ್ದಿರಲಿಲ್ಲ. ಅವನು ಕೊರಳಿನ ಟೇಪು ತೆಗೆದು ಮುಂದಿನ ಕೋಣೆಯ ಗೋಡೆ ಅಳೆಯುತ್ತಿದ್ದ. "ಏನ್ರೀ ಅದು?" ಎಂದರೆ "ಸುಮ್ನೆ" ಎಂದಿದ್ದ.

"ಬೀದಿ ಕಡೆ ಮುಖ ಇರೋ ಕೋಣೆ," ಎಂದಳು ಟಿಕೆಟ್ಟಕ್ಕ.

"ಕೋಣೆ?"

ನಕ್ಷೆ ಕಾಲಡಿ ಸ್ವಲ್ಪ ತಿರುಗಿದಂತಾಯಿತು. ತಾನು ಎಲ್ಲಿ ನಿಂತಿದ್ದೇನೆ, ಯಾರ ನೆಲದ ಮೇಲೆ, ಒಂದೂ ತಿಳಿಯಲಿಲ್ಲ. ಕೆಲಸ ಹೋಯಿತು ಎಂಬುದೊಂದೇ ಸ್ಪಷ್ಟವಾಗಿತ್ತು. ಗಾಜಿನ ಪೆಟ್ಟಿಗೆಯ ಅಂಚು ಹಿಡಿದುಕೊಂಡು, "ಬೆಟ್ಟ ಮೇಡಂ," ಎಂದಳು. "ಆಸ್ಟ್ರಿಯಾದ ಕೈಯಲ್ಲಿದ್ದ ಬೆಟ್ಟದ ಸೀಮೆ. ಒಂದು ಬಂದರು. ಇನ್ನೂ ಕೆಲವು."

"ಹಾಗಾದ್ರೆ ಯಾವುದಕ್ಕೆ ಹೋದದ್ದು? ಕೇಳಲಿಲ್ಲ ಅಂತಲೋ, ಜಾಗಕ್ಕೋ?"

"ನನಗೆ ಗೊತ್ತಿಲ್ಲ ಮೇಡಂ," ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ಆ ಕೋಣೆ ಅಲ್ಲಿಯವರೆಗೆ ಕೇಳಿರಲಿಲ್ಲ.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಅದನ್ನ ಬರೆದವರಿಗೂ ಅಷ್ಟು ಗೊತ್ತಿಲ್ಲ ಅಕ್ಕ," ಎಂದರು. "ನಾಳೆಯಿಂದ ಈ ಕೋಣೆಗೇ ಬನ್ನಿ. ಆ ಬೀದಿ ಕಡೆ ಕೋಣೆ ಮಾತ್ರ ಬೇಡ."

ಸಂಜೆ ಮನೆಗೆ ಬಂದಾಗ ಗಂಡ ಯಾರದೋ ಷರಾಯಿಯ ಸೊಂಟ ಬಿಡಿಸುತ್ತಿದ್ದ. ಟೇಪು ಕೊರಳಲ್ಲಿತ್ತು. ಅವಳು ಮೊದಲು ಅತ್ತೆಯ ಹತ್ತಿರ ಹೋಗಿ, "ಕೆಲಸ ಉಳೀತು ಅತ್ತೆ," ಎಂದಳು. ಅತ್ತೆ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ದೇವರು ದೊಡ್ಡವನು," ಎಂದರು. ಗಂಡ ಮುಖ ಅರಳಿಸಿ, "ಬೆಲ್ಜಿಯಂ ನನ್ನ ಹಿಮ್ಮಡಿಯಿಂದ ಸಿಕ್ಕಿದ್ದು, ನೆನಪಿರಲಿ," ಎಂದ. ಅವಳು ನಗಲಿಲ್ಲ.

"ಇಟಲಿ ಬಗ್ಗೆ ಕೇಳಿದ್ರು," ಎಂದಳು.

ಅವನ ಬ್ಲೇಡು ಹೊಲಿಗೆಯಲ್ಲೇ ನಿಂತಿತು. "ಏನಂದೆ?"

"ಎರಡೂ ಹೇಳ್ದೆ."

"ಎರಡು ಅಂದ್ರೆ?"

ಜೇಬಿನಿಂದ ಕಂದು ಗುಂಡಿ ತೆಗೆದು ಅವನ ಮುಂದಿಟ್ಟಳು. ಆಮೇಲೆ ಗೋಡೆ ನೋಡಿದಳು. ಬೀದಿ ಬಾಗಿಲಿನಿಂದ ಮೂಲೆಯವರೆಗೆ, ಎಡದಿಂದ ಬಲಕ್ಕೆ, ಅಳೆಯುವವರು ನೋಡುವ ಹಾಗೆ. ಅವನ ಕೈ ತಾನಾಗಿ ಕೊರಳಿನ ಟೇಪಿಗೆ ಹೋಯಿತು.

"ಮೊದಲು ಯಾವುದು ಬಂತು ರೀ?" ಎಂದು ಕೇಳಿದಳು. ಸಿಟ್ಟಿನಿಂದ ಅಲ್ಲ. "ನಾಳೆಯಿಂದ ದಿನಾ ಹೇಳಬೇಕು ನಾನು. ಕೇಳ್ತಾರೆ."

ಅವನು ಗುಂಡಿಯನ್ನು ಬೆರಳಲ್ಲಿ ತಿರುಗಿಸಿದ. "ಗೊತ್ತಿಲ್ಲ ಕಣೆ," ಎಂದ. "ಅಣ್ಣ ಕೇಳಲಿಲ್ಲ, ಅದು ನಿಜ. ತಮ್ಮ ಮುಂದಿನ ಕೋಣೆ ನಿನಗೆ ಅಂದ, ಅದೂ ನಿಜ. ಯಾವುದು ಯಾವುದರ ಹಿಂದೆ ಬಂತೋ... ಹೇಳ್ತಾ ಹೇಳ್ತಾ ನನಗೇ ಕಲೆಸಿಹೋಗಿದೆ."

ಅತ್ತೆ ಗೋಡೆಯ ಕಡೆ ಹೊರಳಿದರು. ನಿದ್ದೆಯೋ ಅಲ್ಲವೋ ತಿಳಿಯುವಂತಿರಲಿಲ್ಲ. ಬಾಗಿಲ ಆಚೆ ಭಾವ ಕೆಮ್ಮತೊಡಗಿದರು. ಒಣ ಕೆಮ್ಮು, ಒಂದು ಸಲ ಹಿಡಿದರೆ ಬೇಗ ಬಿಡದು.

ದರ್ಜಿ ಎದ್ದ. ಯಂತ್ರದ ಖಾನೆ ಎಳೆದು ಎಣ್ಣೆ ಬಿಡುವ ಕೊಕ್ಕಿನ ಪುಟ್ಟ ಡಬ್ಬಿ ತೆಗೆದುಕೊಂಡ. ಹಿಂದಿನ ಬಾಗಿಲಿಗೆ ಹೋಗಿ, ತುಕ್ಕು ಹಿಡಿದು ಬಾಗಿಲಿಗೇ ಬೆಸೆದುಕೊಂಡಂತಿದ್ದ ಚಿಲಕದ ತಲೆಗೆ ಒಂದು ಹನಿ ಬಿಟ್ಟ. ಬುಡಕ್ಕೆ ಒಂದು ಹನಿ. ಚಿಲಕವನ್ನು ಮುಟ್ಟಲಿಲ್ಲ. ವಾಪಸು ಬಂದು ಕೂತು, ಷರಾಯಿಯನ್ನು ಸೂಜಿಯ ಕೆಳಗೆ ಸರಿಮಾಡಿ ಇಟ್ಟ. ಆದರೆ ಯಂತ್ರ ತುಳಿಯಲಿಲ್ಲ.

ಆಚೆ ಕೆಮ್ಮು ನಿಂತಿತ್ತು. ಎಣ್ಣೆ ತುಕ್ಕಿನ ಬಣ್ಣ ಹಿಡಿದು, ಬಾಗಿಲ ಹಲಗೆಯ ಮೇಲೆ ಒಂದೇ ಗೆರೆಯಾಗಿ, ನಿಲ್ಲುತ್ತ ನಿಲ್ಲುತ್ತ ಕೆಳಗಿಳಿಯುತ್ತಿತ್ತು.